ಎರಡನೇ ಸಲದ ರಕ್ತ

ಆ ದಿನ ನಾನು ಅಂಚೆಟ್ಟಿ ಕಡೆಯ ಹಳ್ಳಿಗಳಲ್ಲಿ ಮನೆಗಳ ಗೋಡೆಗೆ ಮಲೇರಿಯಾ ಔಷಧಿ ಹೊಡೆದು ಮುಗಿಸಿ, ಸಂಜೆಯ ಬಸ್ಸಿಗೆ ತಮಿಳುನಾಡಿನ ಗಡಿಯ ಸೂಳಗಿರಿ ಹತ್ತಿರದ ನಮ್ಮೂರಿಗೆ ಬಂದೆ. ಮೈಯೆಲ್ಲ ಔಷಧಿಯ ವಾಸನೆ. ಚೀಲದಲ್ಲಿ ಕಾಡಂಚಿನಲ್ಲಿ ಕೊಂಡ ಸೀತಾಫಲ ಇತ್ತು. ನನ್ನ ಮಗಳು ಶೋಭಾ ಆಗ ಮೂರನೇ ಕ್ಲಾಸು. ನಾನು ಕೈಕಾಲು ತೊಳೆಯುವಷ್ಟರಲ್ಲಿ ಅವಳು ಚೀಲ ಬಿಚ್ಚಿಕೊಂಡು ಕುಳಿತಿದ್ದಳು. ಅವಳೂ ಅವಳ ತಾಯಿ ಸರೋಜಾಳೂ ಜಗಲಿಯ ಮೇಲೆ ಬೀಜ ಉಗಿಯುವ ಪಂದ್ಯ ಕಟ್ಟಿದರು. ಯಾರ ಬೀಜ ಅಂಗಳ ದಾಟಿ ಬಟ್ಟೆ ಒಗೆಯುವ ಕಲ್ಲಿಗೆ ತಾಗುತ್ತದೋ ಅವರು ಗೆದ್ದ ಹಾಗೆ.

"ಅಪ್ಪಾ, ಅಮ್ಮ ಮೋಸ ಮಾಡ್ತಾವ್ಳೆ ನೋಡು. ಮುಂದಕ್ಕೆ ಬಗ್ಗಿ ಉಗೀತಾವ್ಳೆ."

"ನಿಂಗೆ ಮುಂದ್ಗಡೆ ಹಲ್ಲೇ ಇಲ್ಲ ಕಣೇ, ಸಂದೀಲಿ ಸಲೀಸಾಗಿ ಹೋಯ್ತದೆ. ನಾನು ಬಗ್ಗದಿದ್ರೆ ಆಯ್ತದಾ?"

ನಾನು ಕಂಬಕ್ಕೊರಗಿ ತೂಕಡಿಸಿದೆ. ಯಾರು ಗೆದ್ದರೋ ನೋಡಲಿಲ್ಲ. ಆ ಸಂಜೆಯಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಅಂಥ ಸಂಜೆ ಮತ್ತೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾರನೆಯ ಬೆಳಿಗ್ಗೆ ಶೋಭಾ ತಲೆನೋವು ಎಂದಳು. ಮಧ್ಯಾಹ್ನಕ್ಕೆ ಜ್ವರ ಏರಿತು. ಆಮೇಲೆ ವಾಂತಿ, ಕತ್ತು ಬಗ್ಗಿಸಲು ಆಗದಂಥ ಬಿಗಿತ, ಕೊನೆಗೆ ಫಿಟ್ಸ್. ಸರೋಜಾ ಹೆಸರು ಹಿಡಿದು ಕೂಗುತ್ತಿದ್ದರೂ ಮಗು ಯಾರನ್ನೂ ಗುರುತಿಸಲಿಲ್ಲ. ಕೃಷ್ಣಗಿರಿಗೆ ಹೋದೆವು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಬೆನ್ನುಮೂಳೆಯಿಂದ ನೀರು ತೆಗೆದರು. ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಆ ವಾರ ಕಳೆಯುವುದರೊಳಗೆ ನಾವು ಮಗುವನ್ನು ಮಣ್ಣು ಮಾಡಿದೆವು.

ಮೆದುಳು ಜ್ವರ ಎಂದರು. ಯಾವುದರಿಂದ ಬಂದದ್ದು ಎಂದು ನಾನು ಕೇಳಿದೆ. ಅಲ್ಲಿದ್ದ ವೈದ್ಯರು ನನ್ನನ್ನು ಕೂರಿಸಿಕೊಂಡು ಹೇಳಿದರು. ಮೆದುಳಿಗೆ ಜ್ವರ ಬರಲು ಕಾರಣ ಹಲವು. ಯಾವುದೆಂದು ತಿಳಿಯಬೇಕಾದರೆ, ಆ ರೋಗದ ಎದುರು ದೇಹ ಕಟ್ಟಿಕೊಳ್ಳುವ ಗುರುತು ರಕ್ತದಲ್ಲಿ ಮೂಡಬೇಕು. ಮೊದಲ ದಿನಗಳ ರಕ್ತದಲ್ಲಿ ಅದು ಎಷ್ಟೋ ಸಲ ಕಾಣುವುದಿಲ್ಲ. ಹತ್ತು ಹದಿನೈದು ದಿನ ಬಿಟ್ಟು ಎರಡನೇ ಸಲ ತೆಗೆದು ಹೋಲಿಸಬೇಕು. ಶೋಭಾಳ ಮೊದಲ ಸಲದ ರಕ್ತದಲ್ಲಿ ಏನೂ ಸಿಕ್ಕಲಿಲ್ಲ.

ರೋಗದ ಮೂಲ ಹುಡುಕುವ ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳಬೇಕಾದದ್ದು ಇದೇ. ಎರಡನೇ ಸಲದ ರಕ್ತ ಎನ್ನುವುದು ಕಚೇರಿಯ ಕಾಟವಲ್ಲ. ಒಂದು ಮನೆಯವರು ಜೀವನಪೂರ್ತಿ ಕೇಳಿಕೊಳ್ಳುವ ಪ್ರಶ್ನೆಗೆ ಉತ್ತರ ಸಿಕ್ಕುವುದಿದ್ದರೆ ಅದರಲ್ಲೇ ಸಿಕ್ಕಬೇಕು.

ಕೆಲವು ತಿಂಗಳಾದ ಮೇಲೆ, ಸೊಳ್ಳೆ ಹಿಡಿಯುವ ತಂಡಕ್ಕೆ ಹಾಕಿ ಎಂದು ನಾನೇ ಅರ್ಜಿ ಕೊಟ್ಟೆ. ಕೃಷ್ಣಗಿರಿಯಲ್ಲಿ ಅದರ ಮೇಲಧಿಕಾರಿ ಸೇಲಂ ಕಡೆಯ ಒಬ್ಬ ಡಾಕ್ಟರಮ್ಮ. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ತಮಿಳಿನವರು, ಕನ್ನಡವನ್ನು ದನದ ಕೊಟ್ಟಿಗೆಗಳಲ್ಲಿ ನಿಂತು ಕಲಿತವರು. ಒಮ್ಮೆ ಬೆಂಗಳೂರಿನಿಂದ ಬಂದ ದೊಡ್ಡ ಅಧಿಕಾರಿಯನ್ನು "ಬಾರ್ಲಾ, ಕೂತ್ಕಳ್ಲಾ" ಎಂದು ತುಂಬು ಗೌರವದಿಂದ ಕರೆದುಬಿಟ್ಟಿದ್ದರು. ಆ ಮಹಾನುಭಾವರು ನಗುತ್ತ ಕೂತರು.

"ಈ ಕೆಲಸಕ್ಕೆ ಯಾಕೆ ಬರ್ತೀರ?" ಎಂದು ಮೇಡಂ ಕೇಳಿದರು.

"ನನ್ನ ಮಗೂಗೆ ಏನ್ ಬಂದಿತ್ತು ಅಂತ ತಿಳ್ಕೋಬೇಕು ಮೇಡಂ."

"ಅದು ತಿಳಿಯುತ್ತೆ ಅಂತ ನಾನು ಮಾತು ಕೊಡೋಕೆ ಆಗಲ್ಲ ನಾಗರಾಜು. ಬೇರೆ ಮಕ್ಕಳಿಗೆ ಏನು ಬರ್ತಿದೆ ಅಂತ ತಿಳ್ಕೊಳ್ಳೋ ಕೆಲಸ ಇದೆ. ಅದನ್ನ ಮಾಡ್ತೀರಾ?"

ಮಾಡುತ್ತೇನೆ ಎಂದೆ. ಮನಸ್ಸಿನಲ್ಲಿ ಮಾತ್ರ ನನ್ನ ಪ್ರಶ್ನೆಯನ್ನೇ ಇಟ್ಟುಕೊಂಡಿದ್ದೆ.

ಕೆಲಸ ಕಲಿಸಿದವರು ಮಾದಪ್ಪಣ್ಣ. ತಂಡದ ಹಿರಿಯರು, ವೀಳ್ಯದೆಲೆ ಬಾಯಿ, ಜೀಪಿನಲ್ಲಿ ಸದಾ ಕಿಟಕಿ ಪಕ್ಕ. ಮೊದಲ ದಿನವೇ ಕೆರೆಯ ಏರಿಯ ಮೇಲೆ ನಿಲ್ಲಿಸಿ, ಕೆಳಗಿನ ಭತ್ತದ ಗದ್ದೆ, ಅದರಲ್ಲಿ ನಿಂತ ಬೆಳ್ಳಕ್ಕಿ, ಆಚೆಯ ಹಂದಿಗೂಡು ಎಲ್ಲವನ್ನೂ ತೋರಿಸಿದರು.

"ನೋಡ್ಲಾ ನಾಗ, ಮೆದುಳಿಗೆ ಬರೋ ಈ ಜಪಾನಿ ಜ್ವರದ ವೈರಸ್ಸಿಗೆ ಬೆಳ್ಳಕ್ಕಿ ತವರು, ಹಂದಿ ಅತ್ತೆ ಮನೆ. ಗದ್ದೆ ಸೊಳ್ಳೆ ಕರ್ಕಂಡೋಗಿ ಬುಡೋ ಗಾಡಿ. ಅತ್ತೆ ಮನೇಗೋಗಿ ಮಕ್ಳು ಮರಿ ಮಾಡ್ಕಂಡು ಸಾವ್ರ ಆಯ್ತದೆ."

"ಮನುಷ್ಯರು?"

"ನಾವು ದಾರೀಗೆ ಅಡ್ಡ ನಿಂತೋರು ಕಣ್ಲಾ. ನಮ್ಮಿಂದ ಅದಕ್ಕೆ ಮುಂದಕ್ಕೆ ದಾರಿ ಇಲ್ಲ. ನಮ್ಗೆ ಮಾತ್ರ ಡಿಕ್ಕಿ."

"ಹಸ?"

"ಹಸ ಧರ್ಮಛತ್ರ. ಸೊಳ್ಳೆ ಎಲ್ಲಾ ಬಂದು ಉಂಡೋಯ್ತವೆ, ವೈರಸ್ಸು ನಿಲ್ಲಾಕಿಲ್ಲ."

ಆಮೇಲೆ ಎಷ್ಟೋ ತರಬೇತಿಗೆ ಹೋದೆ, ಬಣ್ಣದ ಚಿತ್ರ ನೋಡಿದೆ. ಇದಕ್ಕಿಂತ ಚೆನ್ನಾಗಿ ನನಗೆ ತಲೆಗೆ ಹೋದದ್ದು ಯಾವುದೂ ಇಲ್ಲ.

ಸೊಳ್ಳೆ ಸಿಕ್ಕುವುದು ದೀಪ ಹಚ್ಚುವ ಹೊತ್ತಿಗೆ. ಗದ್ದೆಯಿಂದ ಎದ್ದು ದನದ ಕೊಟ್ಟಿಗೆಗೆ ಬರುತ್ತವೆ, ರಕ್ತ ಕುಡಿದು ಗೋಡೆಗೋ ಸೂರಿನ ಹುಲ್ಲಿಗೋ ಕೂರುತ್ತವೆ. ಗಾಜಿನ ನಳಿಗೆಗೆ ರಬ್ಬರ್ ಕೊಳವೆ ಸಿಕ್ಕಿಸಿ, ಒಂದು ತುದಿಯನ್ನು ಬಾಯಲ್ಲಿಟ್ಟುಕೊಂಡು ಒಂದೊಂದನ್ನೇ ಮೆಲ್ಲಗೆ ಎಳೆದುಕೊಳ್ಳಬೇಕು. ನಡುವೆ ಪರದೆ ಬಟ್ಟೆಯ ತುಂಡೊಂದು ತಡೆಗೆ ಇರುತ್ತದೆ. ಅದು ಸಡಿಲವಾಗಿದ್ದ ದಿನ ಸೊಳ್ಳೆ ನೇರ ಗಂಟಲಿಗೆ ಬಂತು. ನಾನು ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತಿದ್ದರೆ ಮಾದಪ್ಪಣ್ಣ, "ಸರ್ಕಾರದ ಸೊತ್ತು ಕಣ್ಲಾ, ನುಂಗ್ಬ್ಯಾಡ, ಉಗಿ" ಎಂದರು.

ಗೌರಜ್ಜಿ ಎಂಬ ಮುದುಕಿಯ ಕೊಟ್ಟಿಗೆಯಲ್ಲಿ ನಮಗೆ ಮೊದಲ ಪಾಠ ಆಯಿತು. ಅಂದು ಶುಕ್ರವಾರ. ಅಜ್ಜಿ ದೇವರ ದೀಪ ಹಚ್ಚಿ ಹೊರಗೆ ಬಂದು, ನಮ್ಮ ನಳಿಗೆಯಲ್ಲಿದ್ದ ಸೊಳ್ಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಅವುಗಳ ಹೊಟ್ಟೆ ಕೆಂಪಗಿತ್ತು.

"ಇದು ನಮ್ ಗಂಗೆ ರಕ್ತ ಅಲ್ವಾ?" ಗಂಗೆ ಎಂದರೆ ಅವರ ಹಸು.

"ಹೂಂ ಅಜ್ಜಿ."

"ದೀಪ ಹಚ್ಚಿದ್ ಮ್ಯಾಗೆ ನಾನು ಪಕ್ಕದ್ ಮನೇಗೆ ಒಂದ್ ಹಿಡಿ ಉಪ್ಪೇ ಕೊಡಾಕಿಲ್ಲ. ಶುಕ್ರವಾರ ಲಕ್ಷ್ಮಿ ರಕ್ತಾನ ಡಬ್ಬೀಲಿ ತುಂಬ್ಕಂಡು ಕೃಷ್ಣಗಿರಿಗೆ ಹೊತ್ಕಂಡೋಯ್ತೀರಾ? ಬುಡಿ ಅವ್ನ ಇಲ್ಲೇ."

ಬಿಟ್ಟೆವು. ಬೇರೆ ದಾರಿ ಇರಲಿಲ್ಲ. ಮಾರನೆಯ ವಾರ ಮಾದಪ್ಪಣ್ಣ ಬಿಸಿಲು ಇರುವಾಗಲೇ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದರು.

"ಅಜ್ಜಿ, ಹೊತ್ತಿನ್ನೂ ಮುಳುಗಿಲ್ಲ. ಕೊಡೋದೇನಿದ್ರೂ ಈಗ್ಲೇ ಕೊಟ್ಬುಡು. ನಾವು ಎತ್ಕಂಡೋಗೋದು ಆಮ್ಯಾಕೆ."

ಗೌರಜ್ಜಿ ಯೋಚಿಸಿದರು. "ಅಂಗೆ ಮಾಡಬೌದು. ಕೊಟ್ಟೀನಿ, ಹೋಗ್ರಿ. ಹೊಗೇನೂ ಹಾಕಾಕಿಲ್ಲ ಇವತ್ತು. ನಮ್ ಗಂಗೆ ಒಂದಿನ ಕಚ್ಚಿಸ್ಕಂತಾಳೆ ನಿಮ್ಗೋಸ್ಕರ."

ದನಗಳಿಗೆ ಬೇವಿನ ಸೊಪ್ಪಿನ ಹೊಗೆ ಹಾಕಿದರೆ ನಮಗೆ ಸೊಳ್ಳೆ ಸಿಕ್ಕುತ್ತಿರಲಿಲ್ಲ. ಅದನ್ನು ನಾವು ಕೇಳುವ ಮೊದಲೇ ಅವರೇ ಹೇಳಿದರು. ಅಂದಿನಿಂದ ಆ ಸುತ್ತಿನ ಎಲ್ಲ ಹಳ್ಳಿಗಳಲ್ಲೂ ನಮ್ಮ ಪದ್ಧತಿ ಅದೇ ಆಯಿತು. ಹಗಲಲ್ಲಿ ಹೋಗಿ ಕೇಳುವುದು, ಮನೆಯವರ ಬಾಯಿಂದ "ಕೊಟ್ಟೆ" ಎನ್ನಿಸಿಕೊಳ್ಳುವುದು, ಸಂಜೆ ಬಂದು ಹಿಡಿಯುವುದು. ಮೇಡಂಗೆ ಈ ಪದ್ಧತಿ ಎಷ್ಟು ಹಿಡಿಸಿತೆಂದರೆ, ಹಳ್ಳಿಗಳಿಂದ ಹಿಂತಿರುಗಿದ ಸಿಬ್ಬಂದಿಯನ್ನು ಮೊದಲು ಕೇಳುತ್ತಿದ್ದದ್ದು, "ಅಜ್ಜಿ ಕೊಟ್ಟರಾ?" ಎಂದು.

ಎಡವಟ್ಟುಗಳೂ ಕಡಿಮೆ ಇಲ್ಲ. ಒಮ್ಮೆ ಜೀಪು ಕೆಟ್ಟು ಸೂಳಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಟೀ ಅಂಗಡಿಯ ಬೆಂಚಿನ ಮೇಲೆ ಸೊಳ್ಳೆಯ ಪೆಟ್ಟಿಗೆ ಇಟ್ಟು ಟೀ ಕುಡಿದೆವು. ಬೆಂಚಿನ ಕೆಳಗೆ ಬೆಲ್ಲದ ಮೂಟೆ ಇತ್ತು. ಕೃಷ್ಣಗಿರಿಯಲ್ಲಿ ಪೆಟ್ಟಿಗೆ ತೆರೆದರೆ ಒಳಗೆಲ್ಲ ಇರುವೆ. ಸೊಳ್ಳೆಗಳಿಗೆ ಕಾಲೂ ಇಲ್ಲ, ರೆಕ್ಕೆಯೂ ಇಲ್ಲ. ಕಾಲು ರೆಕ್ಕೆ ಇಲ್ಲದಿದ್ದರೆ ಯಾವ ಜಾತಿ ಎಂದು ಹೇಳಲಾಗದು. ಮೇಡಂ ಪೆಟ್ಟಿಗೆ ನೋಡಿ, ನಮ್ಮ ಮುಖ ನೋಡಿ, "ಟೀ ಚೆನ್ನಾಗಿತ್ತಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಮರೆಯುತ್ತಿದ್ದೆವೋ ಏನೋ.

ಹಂದಿಗಳ ರಕ್ತ ಕೊಡುತ್ತಿದ್ದವರು ಯಲ್ಲಮ್ಮ. ಕೆರೆಯ ಪಕ್ಕ ಗೂಡು ಕಟ್ಟಿಕೊಂಡು ಹಂದಿ ಸಾಕುತ್ತಿದ್ದರು. ಮನೆಮಾತು ತೆಲುಗು, ನಮ್ಮೊಂದಿಗೆ ಕನ್ನಡ, ಹಂದಿಗಳೊಂದಿಗೆ ತಮಿಳು. ಮಳೆಗಾಲ ಮುಗಿಯುವ ಹೊತ್ತಿಗೆ ಮರಿಹಂದಿಗಳ ಕಿವಿಯ ನರದಿಂದ ಸ್ವಲ್ಪ ರಕ್ತ ತೆಗೆಯುತ್ತಿದ್ದೆವು. ಹಿಂದೆ ಇಲ್ಲದ ಗುರುತು ಅದರಲ್ಲಿ ಕಂಡರೆ ವೈರಸ್ಸು ಊರಿಗೆ ಬಂದಿದೆ ಎಂದು ಅರ್ಥ. ಮಕ್ಕಳು ಕಾಯಿಲೆ ಬೀಳುವ ಮೊದಲೇ ಎಚ್ಚರಿಕೆ ಸಿಕ್ಕುತ್ತದೆ. ಯಲ್ಲಮ್ಮ ಮರಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಅದು ಕಿರುಚಿದಷ್ಟೂ ನಮ್ಮನ್ನು ಬೈಯುತ್ತ, ಆದರೆ ಕೈ ಸಡಿಲ ಬಿಡದೆ ಕೂತಿರುತ್ತಿದ್ದರು.

ಒಂದು ವರ್ಷ ಮಳೆ ಚೆನ್ನಾಗಿ ಆಗಿತ್ತು. ನಮ್ಮ ಕೆರೆಯ ನೀರೇ ಹರಿಯುವ ಪಕ್ಕದ ಊರಿನಲ್ಲಿ ಕುಮಾರ ಎಂಬ ಹುಡುಗನಿಗೆ ಮೆದುಳು ಜ್ವರ ಬಂತು. ತಲೆನೋವು, ವಾಂತಿ, ಫಿಟ್ಸ್. ಎಲ್ಲ ಶೋಭಾಳ ಹಾಗೆಯೇ. ಆದರೆ ಕುಮಾರ ಉಳಿದ. ಒಂದು ಕೈ ಸೋತಿತ್ತು, ಮಾತು ನಿಧಾನವಾಗಿತ್ತು, ಆದರೂ ಮನೆಗೆ ಬಂದ. ಅವನ ಮೊದಲ ರಕ್ತದಲ್ಲೂ ಏನೂ ಸ್ಪಷ್ಟವಾಗಿ ಕಂಡಿರಲಿಲ್ಲ. ಎರಡನೇ ಸಲದ್ದು ಬೇಕಿತ್ತು. ಅದನ್ನು ತರುವ ಕೆಲಸ ನನ್ನದಾಯಿತು.

ಹೋಗಿ ನೋಡಿದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಹುಡುಗನ ತಾತ ನನ್ನನ್ನು ಅಂಗಳದಲ್ಲೇ ತಡೆದರು.

"ಮಗೀಗೆ ತಲೆಗೆ ನೀರು ಹಾಕಿದ್ದಾಯ್ತಪ್ಪಾ. ಬಂದಿದ್ನ ಮರ್ಯಾದೆಯಾಗಿ ಕಳಿಸಿಕೊಟ್ಟೀವಿ. ನೀನು ಸೂಜಿ ಹಿಡ್ಕಂಡು ಅದ್ನ ವಾಪಸ್ ಕರೀತೀಯಾ?"

ನಮ್ಮ ಕಡೆ ದೊಡ್ಡ ಜ್ವರ ಇಳಿದ ಮೇಲೆ ತಲೆಗೆ ನೀರು ಹಾಕಿದರೆ ಆ ಕಾಯಿಲೆಯ ಲೆಕ್ಕ ಮುಗಿಯಿತು. ಮತ್ತೆ ಅದರ ಮಾತು ಎತ್ತಬಾರದು, ಅದಕ್ಕೆ ಸಂಬಂಧಿಸಿದ್ದನ್ನು ಹೊಸಿಲೊಳಗೆ ತರಬಾರದು. ನನ್ನ ತಾಯಿಯೂ ಹಾಗೇ ಮಾಡುತ್ತಿದ್ದರು. ಮೂರು ಸಲ ಹೋದೆ, ಮೂರು ಸಲವೂ ಬರಿಗೈಯಲ್ಲಿ ಬಂದೆ. ಇನ್ನೂ ತಡವಾದರೆ ಹೋಲಿಕೆ ಕಷ್ಟ ಎಂದು ಮೇಡಂ ಹೇಳಿದರು.

ಮನೆಯಲ್ಲಿ ಈ ಮಾತು ಕೇಳಿದ ಸರೋಜಾ, ಸೀರೆ ಬದಲಿಸಿಕೊಂಡು ಬಂದು, "ನಡೀರಿ, ನಾನೂ ಬತ್ತೀನಿ" ಎಂದಳು.

ಕುಮಾರನ ತಾಯಿ ಜಯಮ್ಮ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು. ಸರೋಜಾ ಹೋಗಿ ಪಕ್ಕದಲ್ಲಿ ಕೂತು ತಾನೂ ಬಿಡಿಸತೊಡಗಿದಳು. ಬಹಳ ಹೊತ್ತು ಮಳೆ, ಬೆಳೆ, ಕಾಡುಹಂದಿ ಕಾಟ ಇಂಥವೇ ಮಾತು. ಆಮೇಲೆ ತಲೆ ಎತ್ತದೆ ಹೇಳಿದಳು:

"ನಮ್ ಮಗೀಗೂ ಇಂಗೇ ಬಂದಿತ್ತು ಕಣಕ್ಕ. ಎರಡ್ನೇ ಸಲ ರಕ್ತ ಬೇಕು ಅಂದ್ರು. ಚುಚ್ಚಿಸ್ಕಳಕ್ಕೆ ಮಗೀನೇ ಇರ್ನಿಲ್ಲ. ನಿನ್ ಮಗ ಅವ್ನೆ, ನೋಡು, ಅಲ್ಲಿ ಕೂತವ್ನೆ."

ಜಯಮ್ಮನ ಕೈ ನಿಂತಿತು. ಮಾವನ ಕಡೆ ತಿರುಗಿ, "ಮಾವ, ಒಳಗ್ ಬ್ಯಾಡ. ಹೊಸಿಲು ದಾಟಿ ಆಚೇಲಿ ತಗೊಳ್ಲಿ" ಎಂದರು.

ಮುದುಕರು ಎದ್ದು ಕೊಟ್ಟಿಗೆಯ ಕಡೆ ಹೋಗಿ ಬೆನ್ನು ಹಾಕಿ ನಿಂತರು. ಅದೇ ಒಪ್ಪಿಗೆ. ಜೊತೆಗೆ ಬಂದಿದ್ದ ನಮ್ಮ ಲ್ಯಾಬ್ ಹುಡುಗಿ ಬೀದಿಯಲ್ಲಿ ಜೀಪಿನ ಮೆಟ್ಟಿಲ ಮೇಲೆ ಕೂರಿಸಿ ಹುಡುಗನ ರಕ್ತ ತೆಗೆದಳು. ಸರೋಜಾ ಅವನ ಒಳ್ಳೆಯ ಕೈಯನ್ನು ಹಿಡಿದುಕೊಂಡಿದ್ದಳು.

ಫಲಿತಾಂಶ ಬಂತು. ಜಪಾನಿ ಮೆದುಳು ಜ್ವರ. ಆ ಊರಿನ ಸೊಳ್ಳೆಗಳಲ್ಲೂ ವೈರಸ್ಸು ಸಿಕ್ಕಿತು, ಯಲ್ಲಮ್ಮನ ಮರಿಗಳ ರಕ್ತದಲ್ಲೂ ಗುರುತಿತ್ತು. ಅಲ್ಲಿನ ಹಾಲಿನ ಸೊಸೈಟಿಯ ಮುಂದೆ ಜನ ಸೇರಿದರು.

"ಹಂದಿ ಎಲ್ಲಾ ಸುಟ್ಟಾಕ್ಬೇಕು. ಆಯಮ್ಮನ್ನ ಊರಿಂದ ಕಳಿಸ್ಬೇಕು" ಎಂದ ಒಬ್ಬ.

ಯಲ್ಲಮ್ಮ ಅಲ್ಲೇ ನಿಂತಿದ್ದರು. "ನನ್ ಹಂದಿ ಯಾರ್ ಮನೇಗಾದ್ರೂ ಬಂದು ಕಚ್ಚೈತಾ ಸಾಮಿ? ನಿಮ್ ಗದ್ದೇಲಿ ಹುಟ್ಟಿದ್ ಸೊಳ್ಳೆ ನನ್ ಹಂದಿನ ಕಚ್ತಾವೆ. ಮೊದ್ಲು ನೀವು ಸೊಳ್ಳೆಗೆ ಮೂಗುದಾರ ಹಾಕ್ರಿ, ಆಮ್ಯಾಕೆ ನನ್ ಹಂದಿ ವಿಷ್ಯ."

ಹಿಂದಿನಿಂದ ಯಾರೋ ನಕ್ಕರು. ಆ ನಗುವಿನಿಂದಲೇ ಬಿಸಿ ಅರ್ಧ ಇಳಿಯಿತು. ಮೇಡಂ ತಮ್ಮ ಕೊಟ್ಟಿಗೆ ಕನ್ನಡದಲ್ಲಿ ವಿವರಿಸಿದರು: ತಪ್ಪು ಯಾರದೂ ಅಲ್ಲ. ಈಯಮ್ಮ ರಕ್ತ ಕೊಡದಿದ್ದರೆ ಇದು ಊರಲ್ಲಿ ಸುತ್ತುತ್ತಿರುವುದು ನಿಮಗೆ ತಿಳಿಯುತ್ತಲೇ ಇರಲಿಲ್ಲ. ಗೂಡು ಕೆರೆಯ ಆಚೆಗೆ, ಮನೆಗಳಿಂದ ದೂರಕ್ಕೆ ಹೋಗಲಿ, ಪರದೆ ನಾವು ಕೊಡುತ್ತೇವೆ. ಗದ್ದೆಯವರು ವಾರಕ್ಕೊಮ್ಮೆ ನೀರು ಬಸಿದು ಒಣಗಲು ಬಿಡಲಿ. ಗೂಡು ಹೋಯಿತು. ಗದ್ದೆಗಳನ್ನು ಕೆಲವರು ಒಣಗಿಸಿದರು, ಕೆಲವರು ತಲೆಯಾಡಿಸಿ ಸುಮ್ಮನಾದರು. ಮುಂದೆ ಮಕ್ಕಳಿಗೆ ಲಸಿಕೆಯೂ ಬಂತು. ಅಷ್ಟು ಮಾತು ಕೇಳಿದ ಮೇಲೂ ಯಲ್ಲಮ್ಮ ಮರುವರ್ಷ ಮರಿಯನ್ನು ತೊಡೆಗೆ ಒತ್ತಿ ಹಿಡಿದು ಕೂತರಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಹಾಲಿನ ಸೊಸೈಟಿಯಿಂದ ಹಿಂತಿರುಗುವಾಗ ನಾನು ಮೇಡಂ ಅವರನ್ನು ಕೇಳಿದೆ.

"ಒಂದೇ ಕೆರೆ ನೀರು, ಒಂದೇ ಥರ ಜ್ವರ. ನಮ್ಮ ಶೋಭಾಗೆ ಬಂದಿದ್ದೂ ಇದೇ ಅಲ್ವಾ ಮೇಡಂ?"

"ಇರಬಹುದು. ಆದರೆ ಗೊತ್ತಿಲ್ಲ ನಾಗರಾಜು."

"ಇದೇ ಅಂತ ಒಂದು ಮಾತು ಹೇಳ್ಬುಡಿ. ನಮ್ ಮನೆಯವ್ಳಿಗೆ ಹೇಳ್ತೀನಿ. ಸಮಾಧಾನ ಆಯ್ತದೆ."

ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದೆ. ಆದರೂ ಹೇಳಲಿಲ್ಲ. "ಬೇರೆಯವರ ಮಗು ವಿಷಯದಲ್ಲಿ ನಾವು ಹಾಗೆ ಹೇಳ್ತೀವಾ? ಗೊತ್ತಿಲ್ಲದ್ದನ್ನ ಗೊತ್ತು ಅಂದುಕೊಂಡರೆ, ನಾಳೆ ಬೇರೆ ಯಾವುದೋ ರೋಗ ಬಂದಾಗಲೂ ಇದೇ ಅಂತ ಕೂತಿರ್ತೀವಿ."

ನನಗೆ ಸಿಟ್ಟು ಬಂತು. ಊರು ಬಂದೊಡನೆ ಇಳಿದು ಮನೆಗೆ ನಡೆದೆ. ಮನೆಯಲ್ಲಿ ಹೇಳಿದಾಗ ಸರೋಜಾ ಒಲೆಯ ಮುಂದಿನಿಂದ ಏಳದೆ, "ಸುಳ್ಳು ಹೇಳ್ನಿಲ್ವಲ್ಲ ಆಯಮ್ಮ, ಬುಡಿ" ಎಂದಳು.

ಅದರ ಅರ್ಥ ನನಗೆ ತಿಳಿದದ್ದು ಕೆಲವು ವರ್ಷ ಕಳೆದು. ಅಂಚೆಟ್ಟಿಯ ಬೆಟ್ಟದ ಹಳ್ಳಿಗಳಲ್ಲಿ ಆಡು ಮೇಯಿಸುವ ಮಕ್ಕಳಿಗೆ ಮೆದುಳು ಜ್ವರ ಬಂತು. ಮತ್ತೆ ಅದೇ ತಲೆನೋವು, ಅದೇ ಫಿಟ್ಸ್. ಅದೇ ಜಪಾನಿ ಜ್ವರ ಎಂದು ಜೀಪಿನಲ್ಲಿ ಮೊದಲು ಹೇಳಿದವನು ನಾನೇ. ಮೇಡಂ ಒಪ್ಪದೆ ಎಲ್ಲ ಮಕ್ಕಳ ರಕ್ತವನ್ನೂ ಎರಡೆರಡು ಸಲ ತೆಗೆಸಿದರು, ಬೇರೆ ಬೇರೆ ಪರೀಕ್ಷೆಗೆ ಕಳಿಸಿದರು. ಅದು ಸೊಳ್ಳೆಯಿಂದ ಬಂದದ್ದೇ ಅಲ್ಲ. ಪೊದೆಗಳಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಕಚ್ಚಿ ಬರುವ ಜ್ವರ. ಅದಕ್ಕೆ ಸಾಧಾರಣ ಮಾತ್ರೆ ಇದೆ. ಬೇಗ ಕೊಟ್ಟರೆ ಮಗು ಉಳಿಯುತ್ತದೆ. ಕಾರಣ ಗೊತ್ತಾದ ಮೇಲೆ ಕಾಯಿಲೆ ಬಿದ್ದ ಮಕ್ಕಳು ಉಳಿದರು. ನನ್ನ ಸಮಾಧಾನಕ್ಕೆಂದು ಮೇಡಂ ಅಂದು ಒಂದು ಸುಳ್ಳು ಹೇಳಿದ್ದರೆ ನಾನು ಅದನ್ನೇ ಎಲ್ಲ ಮಕ್ಕಳಿಗೂ ಹೊದಿಸಿಕೊಂಡು ತಿರುಗುತ್ತಿದ್ದೆ. ಅಂಚೆಟ್ಟಿಯ ಬಸ್ ನಿಲ್ದಾಣದಲ್ಲಿ ನಿಂತು ಅವರಿಗೆ ಹೇಳಿದೆ: "ಅವತ್ತು ಹೇಳದೇ ಇದ್ದಿದ್ದಕ್ಕೆ ಉಪಕಾರ ಆಯ್ತು ಮೇಡಂ." ಅವರು ತಲೆಯಾಡಿಸಿದರು, ಅಷ್ಟೇ.

ಈಗ ಕೆಲಸ ಬದಲಾಗಿದೆ. ಬಾಯಲ್ಲಿ ಎಳೆಯುವ ಕೊಳವೆಯ ಬದಲು ಬ್ಯಾಟರಿಯ ಯಂತ್ರ ಇದೆ, ಯಾರೂ ಸರ್ಕಾರದ ಸೊತ್ತು ನುಂಗಬೇಕಾಗಿಲ್ಲ. ವಾರಗಟ್ಟಲೆ ಕಾಯುತ್ತಿದ್ದ ಫಲಿತಾಂಶ ಫೋನಿಗೆ ಬರುತ್ತದೆ. ಗದ್ದೆಗಳು ಕಡಿಮೆಯಾಗಿ ಕಾರ್ಖಾನೆಗಳು ಬಂದಿವೆ. ಹೊಸೂರಿನ ಬಾಡಿಗೆ ಮನೆಗಳ ಸಾಲಿನಲ್ಲಿ ಸೊಳ್ಳೆಮರಿ ಇದೆಯೇ ಎಂದು ನೀರಿನ ಡ್ರಮ್ಮಿನೊಳಗೆ ಇಣುಕುವುದೇ ಈಗ ದೊಡ್ಡ ಕೆಲಸ. ಶೋಭಾ ಹೋದ ಮೇಲೆ ಹುಟ್ಟಿದ ನನ್ನ ಮಗ ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ಮಳೆ ಬಂದ ಮಾರನೆಯ ದಿನ ನಾನು ಹೋಗಿ ಹಳೇ ಟೈರುಗಳನ್ನು ಅಲ್ಲಾಡಿಸಿ ನೋಡುತ್ತೇನೆ. "ರಿಟೈರ್ ಆದ್ರೂ ನನ್ ಅಂಗಡಿಗೆ ರೈಡ್ ಬುಡಾಕಿಲ್ವಲ್ಲಪ್ಪ" ಎನ್ನುತ್ತಾನೆ.

ಮಾದಪ್ಪಣ್ಣ ಈಗಿಲ್ಲ. ಗೌರಜ್ಜಿಯೂ ಇಲ್ಲ. ಮೇಡಂ ಸೇಲಂನಲ್ಲಿದ್ದಾರೆ, ದೀಪಾವಳಿಗೆ ಫೋನ್ ಮಾಡಿದರೆ ಮೊದಲು ಸರೋಜಾಳನ್ನು ಕೊಡಿ ಎನ್ನುತ್ತಾರೆ. ಕುಮಾರ ದೊಡ್ಡವನಾಗಿ ಒಂದೇ ಕೈಯಲ್ಲಿ ಸೊಸೈಟಿಯ ಹಾಲು ಅಳೆಯುತ್ತಾನೆ. ಈ ಕೆಲಸ ನನಗೆ ಇಷ್ಟು ಜನರನ್ನು ಕೊಟ್ಟಿತು. ಮಗಳನ್ನು ಕಳೆದುಕೊಂಡು ಮನೆಯ ಮೂಲೆ ಸೇರಬೇಕಿದ್ದವನನ್ನು ಪ್ರತಿ ಸಂಜೆ ಇನ್ನೊಬ್ಬರ ಅಂಗಳಕ್ಕೆ ಕರೆದೊಯ್ದು ನಿಲ್ಲಿಸಿತು. ಅಲ್ಲಿ ಯಾರಾದರೂ ಕಾಫಿ ಕೊಟ್ಟರು, ಯಾರಾದರೂ ಬೈದರು, ಎಲ್ಲರೂ ಕೊನೆಗೆ ಕೊಟ್ಟೆ ಎಂದರು.

ಈ ಊರುಗಳಲ್ಲಿ ಮಕ್ಕಳಿಗೆ ಏನು ಬಂದಿತ್ತು ಎಂದು ತಾಯಂದಿರಿಗೆ ಹೇಳುವ ಭಾಗ್ಯ ನನಗೆ ಎಷ್ಟೋ ಸಲ ಸಿಕ್ಕಿದೆ. ಶೋಭಾಳಿಗೆ ಬಂದದ್ದು ಯಾವ ಜ್ವರ ಎಂಬುದು ಮಾತ್ರ ಗೊತ್ತಿಲ್ಲ. ಅವಳಿಂದ ತೆಗೆದ ರಕ್ತ ಅಂದಿನ ಪರೀಕ್ಷೆಗೇ ಮುಗಿದುಹೋಯಿತು. ಇನ್ನು ಗೊತ್ತಾಗುವುದೂ ಇಲ್ಲ.